ಡೈರಿ ಬೆಂಚನ್ನ ಮಾರೋದೂ ಬೇಡ, ಈ ತಿಂಗಳು ಬಣ್ಣ ಹೊಡೆಯೋದೂ ಬೇಡ

ನಮ್ಮೂರ ಹಾಲಿನ ಡೈರಿ ಮುಂದಿನ ಮರದ ಬೆಂಚಿನ ವಿಚಾರದಲ್ಲಿ ಊರು ಎರಡು ಪಕ್ಷ ಆಗಿದೆ. ಒಂದು ಪಕ್ಷದವರು ಮಾರಿಬಿಡಿ ಅಂತಾರೆ. ಹಳೇ ಮರದ ಸಾಮಾನು ಕೊಳ್ಳೋರೊಬ್ಬರು ಬಂದು ನೋಡಿ 6,000 ರೂಪಾಯಿ ಹೇಳಿ ಹೋಗಿದ್ದಾರೆ. ಅದಕ್ಕೆ ಇನ್ನೊಂದು 3,000 ಸೇರಿಸಿದ್ರೆ ಎರಡು ಸಿಮೆಂಟ್ ಬೆಂಚು ಬರ್ತದೆ, ಮಳೆಗೂ ಬಿಸಿಲಿಗೂ ಜಗ್ಗಲ್ಲ ಅನ್ನೋದು ಅವರ ಲೆಕ್ಕ. ಇನ್ನೊಂದು ಪಕ್ಷ ನಮ್ಮ ಹುಡುಗರದ್ದು. ನವೆಂಬರ್ 1ಕ್ಕೆ ರಾಜ್ಯೋತ್ಸವ, ಬಾವುಟ ಹಾರಿಸೋದು ಡೈರಿ ಅಂಗಳದಲ್ಲೇ, ಹಾಗಾಗಿ ಬೆಂಚಿಗೆ ಹಳದಿ ಕೆಂಪು ಬಣ್ಣ ಹೊಡೆದು ಚಂದ ಮಾಡೋಣ ಅಂತ ಅವರದ್ದು. ಪೇಂಟಿನ ಡಬ್ಬನೂ ತಂದು ಇಟ್ಟಾಗಿದೆ.

ನಾನು ಎರಡೂ ಬೇಡ ಅಂತೀನಿ. ಬರೋ ಭಾನುವಾರ ಮೀಟಿಂಗಲ್ಲಿ ಹೇಳೋಣ ಅಂದ್ರೆ ಅಲ್ಲಿ ಒಬ್ಬರು ಮಾತಾಡುವಾಗ ನಾಲ್ಕು ಜನ ಫ್ಯಾಟ್ ಕಮ್ಮಿ ಬಂತು ಅಂತ ಜಗಳ ತೆಗೀತಾರೆ. ಅದಕ್ಕೇ ಇಲ್ಲಿ ಉದ್ದಕ್ಕೆ ಬರೆದು ಬಿಡ್ತೀನಿ. ಬೆಂಚು ಡೈರಿದು ಹೌದು, ಆದ್ರೆ ಇದೇ ಕಥೆ ನಮ್ಮ ನಿಮ್ಮೆಲ್ಲರ ಮನೆ ಅಂಗಳದಲ್ಲೂ ಇದೆ. ಅಡಿಕೆ ಸುಲಿಯೋವಾಗ ಕೂರೋ ಬೆಂಚು, ಜಗಲಿ ಮೇಲಿನ ಆರಾಮ ಕುರ್ಚಿ, ಬಚ್ಚಲ ಹೊರಗಿನ ಮಣೆ, ಎಲ್ಲದಕ್ಕೂ ಹೇಳಿದ ಮಾತು ಅಂತ ತಿಳ್ಕೊಳ್ಳಿ.

ಮೊದಲು ಆ ಬೆಂಚು ಎಂಥದು ಅಂತ ನೋಡಿ. ಎಷ್ಟೋ ಜನ ದಿನಾ ಅದರ ಮೇಲೆ ಕೂತು ಎದ್ದು ಹೋಗ್ತೀರಿ, ಕೆಳಗೆ ಬಗ್ಗಿ ನೋಡಿದೋರು ಕಮ್ಮಿ. ನಾನು ಮೊನ್ನೆ ಟೇಪ್ ಹಿಡಿದು ಅಳೆದೆ. ಕೂರೋ ಹಲಗೆ 9 ಅಡಿ ಉದ್ದ, 16 ಇಂಚು ಅಗಲ, ಎರಡೂವರೆ ಇಂಚು ದಪ್ಪ. ಒಂದೇ ಹಲಗೆ, ಎಲ್ಲೂ ಜೋಡು ಇಲ್ಲ. ಬರೀ ಆ ಹಲಗೆಯೇ ಎರಡೂವರೆ ಘನ ಅಡಿ ಮರ ಆಯ್ತು. ಅಡಿಭಾಗದಲ್ಲಿ ಬಣ್ಣ ಬಿದ್ದಿಲ್ಲ, ಅಲ್ಲಿ ನೋಡಿದ್ರೆ ಮರ ಗೊತ್ತಾಗ್ತದೆ. ಹೆಬ್ಬಲಸು. ಸೊಸೈಟಿ ಶುರುವಾದಾಗ ಊರವರೇ ಒಬ್ಬರು ತಮ್ಮ ಬೇಣದ ಮರ ಕೊಟ್ಟಿದ್ದು ಅಂತ ದೊಡ್ಡೋರು ಹೇಳ್ತಾರೆ.

ಹೆಬ್ಬಲಸು ಅಂದ್ರೆ ಕರಾವಳಿಯೋರು ದೋಣಿ ಮಾಡೋ ಮರ ಮಾರಾಯ್ರೆ. ಉಪ್ಪು ನೀರಲ್ಲಿ ಬಾಳೋ ಮರ ನಮ್ಮ ಡೈರಿ ಮುಂದಿನ ಮಳೆಗೆ ಕೊಳೀತು ಅಂದ್ರೆ ತಪ್ಪು ಮರದ್ದಾ? ಸಿಮೆಂಟ್ ಬೆಂಚಿನ ಪಕ್ಷದವರು "ಮರ ಹಳೇದಾಯ್ತು, ಕೊಳೀತಾ ಇದೆ" ಅಂತ ಹೇಳೋದನ್ನ ನಾನು ಒಪ್ಪೋದಿಲ್ಲ. ಹಲಗೆಯನ್ನ ಬೆರಳ ಗೆಣ್ಣಲ್ಲಿ ತಟ್ಟಿ ನೋಡಿ, ಗಣ್ ಅಂತ ಶಬ್ದ ಬರ್ತದೆ. ಚೂರಿ ಮೊನೆ ಒತ್ತಿದೆ, ಕೂದಲಷ್ಟೂ ಇಳಿಯಲಿಲ್ಲ. ಕೊಳೆತಿರೋದು ಎಲ್ಲಿ ಅಂದ್ರೆ ಕಾಲಿನ ಬುಡದಲ್ಲಿ. ನಾಲ್ಕರಲ್ಲಿ ಎರಡು ಕಾಲಿಗೆ ಚೂರಿ ಮುಕ್ಕಾಲು ಇಂಚು ಒಳಗೆ ಹೋಯ್ತು, ಬೆಣ್ಣೆಗೆ ಹೋದ ಹಾಗೆ. ಕಾರಣ ಹುಡುಕೋಕೆ ದೂರ ಹೋಗಬೇಕಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲಿನ ಕ್ಯಾನು ತೊಳೆದ ನೀರು ಆ ಎರಡು ಕಾಲಿನ ಬುಡದಲ್ಲೇ ಹರಿದು ಹೋಗ್ತದೆ. ಮಳೆಗಾಲ ನಾಲ್ಕು ತಿಂಗಳು, ಆ ನೀರು ಹನ್ನೆರಡು ತಿಂಗಳು.

ಮರ ನೀರು ಕುಡಿಯೋದು ಮೈಯಿಂದ ಅಲ್ಲ, ಕೊಯ್ದ ತುದಿಯಿಂದ. ಬೆಳೆದು ನಿಂತಾಗ ಬೇರಿಂದ ಮೇಲಕ್ಕೆ ನೀರು ಏರಿಸಿದ ನಾಳಗಳೇ ಅವು, ಕಡಿದ ಮೇಲೂ ಬಾಯಿ ತೆರೆದೇ ಇರ್ತವೆ. ಹಲಗೆಯ ಮೇಲ್ಮೈಗೆ ಬಿದ್ದ ನೀರು ಜಾರಿ ಹೋಗ್ತದೆ, ಕಾಲಿನ ಬುಡ ಒದ್ದೆ ನೆಲದಲ್ಲಿ ನಿಂತ್ರೆ ನೀರು ಬತ್ತಿಗೆ ಎಣ್ಣೆ ಏರಿದ ಹಾಗೆ ಏರ್ತದೆ. ಕೊಳೆಸೋ ಬೂಷ್ಟಿಗೆ ಬೇಕಾಗಿರೋದು ಆ ತೇವ. ಮರದಲ್ಲಿ ತೇವ ನೂರಕ್ಕೆ 20ರ ಕೆಳಗೆ ಇದ್ದಷ್ಟು ದಿನ ಅದಕ್ಕೆ ಬೇರು ಬಿಡೋಕೆ ಆಗೋದಿಲ್ಲ. ನಮ್ಮ ಅಜ್ಜಂದಿರ ಕಾಲದ ತೊಲೆ, ಜಂತಿ, ಮುಂಡಿಗೆ ಇವತ್ತಿಗೂ ಗಟ್ಟಿ ಇರೋದು ಇದೇ ಕಾರಣಕ್ಕೆ. ಮುಂಡಿಗೆ ಕಂಬದ ಅಡಿಗೆ ಕಲ್ಲು ಕೊಡದೆ ಯಾರಾದ್ರೂ ನಿಲ್ಲಿಸಿದ್ದಾರಾ? ಮನೆ ಕಂಬಕ್ಕೆ ಇರೋ ಬುದ್ಧಿ ಬೆಂಚಿಗೆ ಯಾಕಿಲ್ಲ ಅಂತ.

ಈಗ ಬಣ್ಣದ ಪಕ್ಷದ ತಮ್ಮಂದಿರ ವಿಚಾರ. ಅವರ ಮನಸ್ಸು ಒಳ್ಳೇದು, ಊರಿನ ಸಾಮಾನು ಚಂದ ಮಾಡೋಣ ಅಂತ ಹೊರಟೋರು ಇವತ್ತಿನ ಕಾಲದಲ್ಲಿ ಎಷ್ಟು ಜನ ಸಿಗ್ತಾರೆ. ಆದ್ರೆ ಬೆಂಚಿನ ಬದಿಯಲ್ಲಿ ಒಂದು ಕಡೆ ಚಕ್ಕೆ ಎದ್ದಿದೆ, ಅಲ್ಲಿ ಒಂದ್ಸಲ ನೋಡಿ. ಮೇಲೆ ಕಂದು ಬಣ್ಣ, ಅದರಡಿ ನೀಲಿ, ಅದರಡಿ ಹಸಿರು, ಎಲ್ಲದರ ಕೆಳಗೆ ಇನ್ನೊಂದು ಹಳದಿ. ನಾಲ್ಕು ಸಲ ಬಣ್ಣ ಹೊಡೆದಿದ್ದಾರೆ, ಒಂದು ಸಲಾನೂ ಹಳೇದನ್ನ ಕೆರೆದಿಲ್ಲ. ಪ್ರತಿ ಸಲ ಯಾವುದೋ ಕಾರ್ಯಕ್ರಮ ಇತ್ತು, ಯಾರೋ ಬರ್ತಾ ಇದ್ರು.

ಎನಾಮಲ್ ಬಣ್ಣ ಅನ್ನೋದು ಮರದ ಮೇಲೆ ಹಾಕಿದ ಪ್ಲಾಸ್ಟಿಕ್ ಹಾಳೆ ಇದ್ದ ಹಾಗೆ. ಮರ ಸುಮ್ಮನೆ ಇರೋ ವಸ್ತು ಅಲ್ಲ, ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಿಮ್ಮ ಮನೆ ಬಾಗಿಲು ಆರಿದ್ರಾ ಮಳೆಗೆ ಬಿಗಿಯಾಗಿ ಶಿವರಾತ್ರಿ ಹೊತ್ತಿಗೆ ಸಡಿಲ ಆಗಲ್ವಾ, ಹಂಗೆ. ಹೊಸದರಲ್ಲಿ ಬಣ್ಣದ ಪದರವೂ ಜೊತೆಗೆ ಸ್ವಲ್ಪ ಎಳೀತದೆ. ಎರಡು ಮೂರು ವರ್ಷಕ್ಕೆ ಗಡಸಾಗಿ ಸಂದಿನಲ್ಲಿ, ಮೊಳೆ ಹೊಡೆದಲ್ಲಿ, ಕಾಲು ಹಲಗೆಗೆ ಕೂಡೋ ಜಾಗದಲ್ಲಿ ಕೂದಲೆಳೆಯ ಬಿರುಕು ಬಿಡ್ತದೆ. ಆ ಬಿರುಕಿಂದ ನೀರು ಒಳಗೆ ಹೋಗ್ತದೆ. ಹೋದ ನೀರಿಗೆ ಹೊರಗೆ ಬರೋಕೆ ದಾರಿ ಇಲ್ಲ, ಮೇಲೆ ಬಣ್ಣ ಮುಚ್ಚಿದೆ. ಬಣ್ಣ ಹೊಡೆಯದೆ ಬಿಟ್ಟ ಬೆಂಚು ಮಳೆ ನಿಂತ ಹದಿನೈದು ದಿನಕ್ಕೆ ಒಣಗ್ತದೆ, ಬಣ್ಣ ಒಡೆದ ಬೆಂಚು ಸಂಕ್ರಾಂತಿ ಬಂದ್ರೂ ಒಳಗೆ ಹಸಿ. ಅದರ ಮೇಲೆ ಇನ್ನೊಂದು ಕೋಟು ಹೊಡೆದ್ರೆ ಆ ಹಸಿಯನ್ನ ಸೀಲ್ ಮಾಡಿ ಇಟ್ಟ ಹಾಗೆ ಆಯ್ತು.

ಬೋರ್ಡೋ ನೆನಪು ಮಾಡ್ಕೊಳ್ಳಿ. ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು, ನಮ್ಮ ಮಕ್ಕಳಿಗೂ ಬಾಯಿಪಾಠ. ಆದ್ರೆ ಔಷಧಿ ಸರಿ ಇದ್ರೂ ಹೊಡೆಯೋ ದಿನ ತಪ್ಪಿದ್ರೆ ಎಂತ ಆಗ್ತದೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಳೆ ಹಿಡಿಯೋ ಮೊದಲು ಒಣ ಗೊನೆಗೆ ಹೊಡೆದ್ರೆ ಔಷಧಿ, ಕೊಳೆ ಉದುರೋಕೆ ಶುರುವಾದ ಮೇಲೆ ಹೊಡೆದ್ರೆ ಖರ್ಚು. ಬೆಂಚಿಗೂ ಅದೇ ಲೆಕ್ಕ. ಅಕ್ಟೋಬರ್ ಕೊನೆ ಅಂದ್ರೆ ನಮ್ಮ ಕಡೆ ಮರ ವರ್ಷದಲ್ಲೇ ಅತೀ ಹೆಚ್ಚು ನೀರು ಕುಡಿದು ಕೂತಿರೋ ಹೊತ್ತು. ಆಗುಂಬೆಯಲ್ಲಿ 7,000 ಮಿಲಿಮೀಟರ್ ದಾಟಿ ಮಳೆ ಬೀಳೋ ಸೀಮೆ ಇದು, ನಮ್ಮೂರಿಗೆ ಅಷ್ಟು ಬೀಳದಿದ್ರೂ ಅದರ ನೆಂಟಸ್ತಿಕೆ ಇದ್ದೇ ಇದೆ. ದೀಪಾವಳಿಗೆ, ರಾಜ್ಯೋತ್ಸವಕ್ಕೆ ಬಣ್ಣ ಹೊಡೆಯೋ ಪದ್ಧತಿ ಗೋಡೆಗೆ ಸರಿ ಇರಬಹುದು. ಹೊರಗೆ ಮಳೆ ತಿಂದ ಮರಕ್ಕೆ ಸರಿ ಅಲ್ಲ.

ಹಾಗಾದ್ರೆ ಯಾವಾಗ? ಅಡಿಕೆ ಕೊಯ್ಲು ಮುಗಿದ ಮೇಲೆ. ಫೆಬ್ರವರಿ, ಮಾರ್ಚ್. ಅಶ್ವಿನಿ ಮಳೆ ಅಂದ್ರೆ ಏಪ್ರಿಲ್ ಮಧ್ಯಕ್ಕೆ ಎರಡು ಹನಿ ಬೀಳೋ ಮೊದಲು ಎಲ್ಲ ಕೆಲಸ ಮುಗಿದು ಬಣ್ಣ ಗಟ್ಟಿಯಾಗಿರಬೇಕು. ಈಗ ಮಾಡಬೇಕಾದ್ದು ಒಂದೇ, ಬೆಂಚನ್ನ ಎತ್ತಿ ಡೈರಿ ಹಿಂದಿನ ಶೀಟಿನ ಕೆಳಗೆ ನಾಲ್ಕು ಕಲ್ಲಿನ ಮೇಲೆ ಇಡೋದು. ಬಿಸಿಲಿಗೆ ಇಡಬೇಡಿ. ಬೇಗ ಒಣಗಲಿ ಅಂತ ಅಂಗಳದಲ್ಲಿ ಹಾಕಿದ್ರೆ ಹೊರಗಿನ ಮೈ ಒಣಗಿ ಒಳಗೆ ಹಸಿ ಉಳಿದು ಹಲಗೆ ಸೀಳ್ತದೆ, 16 ಇಂಚಿನ ಹಲಗೆ ಸೀಳಿದ ಮೇಲೆ ಅದಕ್ಕೆ ಮದ್ದಿಲ್ಲ. ನೆರಳು, ಗಾಳಿ, ಮೂರು ತಿಂಗಳು. ಅಲ್ಲಿವರೆಗೆ ಎಲ್ಲಿ ಕೂರೋದು ಅಂತ ಕೇಳೋರಿಗೆ ನಮ್ಮ ಮನೆದೊಂದು ಸಣ್ಣ ಬೆಂಚು ಕೊಡ್ತೀನಿ.

ಒಣಗಿದ್ದು ಗೊತ್ತಾಗೋದು ಹೆಂಗೆ ಅಂದ್ರೆ, ಅಡಿಕೆ ಒಣಗಿದ್ದನ್ನ ಶಬ್ದದಲ್ಲಿ ತಿಳಿದ ಹಾಗೆ ಇದಕ್ಕೂ ಒಂದು ಗುರುತಿದೆ. ಬಣ್ಣ ಇಲ್ಲದ ಅಡಿಭಾಗದಲ್ಲಿ ಉಪ್ಪು ಕಾಗದ ನಾಲ್ಕು ಸಲ ಉಜ್ಜಿ. ಹೊಟ್ಟು ಕಾಗದಕ್ಕೆ ಮುದ್ದೆ ಕಟ್ಟಿದ್ರೆ ಇನ್ನೂ ಹಸಿ. ಹಿಟ್ಟಿನ ಹಾಗೆ ಉದುರಿದ್ರೆ ಕೆಲಸ ಶುರು ಮಾಡಬಹುದು.

ಕೆರೆಯೋ ವಿಚಾರದಲ್ಲಿ ಒಂದು ಮಾತು ಜೋರಾಗಿ ಹೇಳಬೇಕು, ಹಾಲು ಕರೆಯೋರು ನಾವು. ಹಳೇ ಎನಾಮಲ್ ಬಣ್ಣದಲ್ಲಿ ಸೀಸ ಇರ್ತಿತ್ತು. ಹಳದಿ, ಕೆಂಪು, ಹಸಿರು ಇಂಥ ಗಾಢ ಬಣ್ಣಗಳಲ್ಲಿ ಜಾಸ್ತಿ. ಮನೆ ಬಳಕೆ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಅಂತ ಸರ್ಕಾರದ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರ್ 1ಕ್ಕೆ, ಅದೂ ರಾಜ್ಯೋತ್ಸವದ ದಿನವೇ ನೋಡಿ. ನಮ್ಮ ಬೆಂಚಿನ ಕೆಳಗಿನ ಮೂರು ಪದರ ಅದಕ್ಕಿಂತ ಎಷ್ಟೋ ಹಿಂದಿನದು. ಸೀಸದ ಧೂಳು ಸಣ್ಣ ಮಕ್ಕಳ ಬುದ್ಧಿಗೆ ಹೊಡೆತ, ಅದು ವಾಪಸ್ ಬರೋದಿಲ್ಲ. ದನಕ್ಕೂ ಅಷ್ಟೇ. ದನ, ಅದರಲ್ಲೂ ಕರು, ಸಿಕ್ಕಿದ್ದನ್ನ ನೆಕ್ಕೋ ಪ್ರಾಣಿ. ಹಳೇ ಬಣ್ಣದ ಚಕ್ಕೆ ನೆಕ್ಕಿ ಕಣ್ಣು ಕಾಣದೆ ತಿರುಗಿ ಬಿದ್ದು ಸಾಯೋ ಕರುಗಳ ವಿಚಾರ ಪಶುವೈದ್ಯರನ್ನ ಕೇಳಿ, ಹೇಳ್ತಾರೆ. ಅದಕ್ಕೇ ಒಣ ಕಾಗದದಲ್ಲಿ ಉಜ್ಜಿ ಧೂಳು ಎಬ್ಬಿಸೋದು, ಗ್ರೈಂಡರಿಗೆ ಚಕ್ರ ಹಾಕಿ ಹೊಡೆಯೋದು, ಬೆಂಕಿ ಹಿಡಿದು ಬಣ್ಣ ಸುಡೋದು, ಮೂರೂ ಬೇಡ. ಕೆಳಗೆ ಟಾರ್ಪಾಲು ಹಾಸಿ, ನೀರು ಚಿಮುಕಿಸಿ, ಪಟ್ಟಿ ಬ್ಲೇಡಿನಲ್ಲಿ ಕೆರೀರಿ, ಉಳಿದದ್ದನ್ನ ವಾಟರ್ ಪೇಪರಿನಲ್ಲಿ ಒದ್ದೆ ಮಾಡಿಕೊಂಡೇ ತಿಕ್ಕಿ. ಮೂಗಿಗೆ ಮಾಸ್ಕ್ ಇರಲಿ, ಕೊರೊನಾ ಕಾಲದ್ದು ಎಲ್ಲರ ಮನೆ ಮೊಳೆಯಲ್ಲೂ ನೇತಾಡ್ತಾ ಇದೆ, ಆದ್ರೆ ತೆಳು ಬಟ್ಟೆದು ಸಾಲದು, ಗಟ್ಟಿದು ಬೇಕು. ಟಾರ್ಪಾಲಿನ ಮೇಲಿನ ಚಕ್ಕೆಯನ್ನ ಗೊಬ್ಬರದ ಗುಂಡಿಗೆ ಹಾಕಬೇಡಿ, ಒಲೆಗೂ ಹಾಕಬೇಡಿ. ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಬೇರೆ ಇಡಿ. ಡೈರಿ ಅಂಗಳದಲ್ಲಿ, ಹಾಲಿನ ಕ್ಯಾನಿನ ಪಕ್ಕ ಈ ಕೆಲಸ ಮಾಡೋದೇ ಬೇಡ.

ಬಣ್ಣ ಹೋದ ಮೇಲೆ ಬೂದು ಬಣ್ಣದ ಮರ ಕಾಣ್ತದೆ. ಅಯ್ಯೋ ಸತ್ತು ಹೋಗಿದೆ ಅಂದ್ಕೋಬೇಡಿ. ಮರದ ನಾರನ್ನ ಒಂದಕ್ಕೊಂದು ಹಿಡಿದಿಡೋ ಅಂಟಿನಂಥ ವಸ್ತು ಇದೆ, ಲಿಗ್ನಿನ್ ಅಂತಾರೆ. ಅದು ಬಿಸಿಲಿಗೆ ಒಡೀತದೆ, ಮಳೆ ತೊಳೆದುಕೊಂಡು ಹೋಗ್ತದೆ, ಉಳಿಯೋದು ಬೂದು ಬಣ್ಣದ ಸಡಿಲ ನಾರು. ಒಂದು ಕಾಗದದ ದಪ್ಪ ಅಷ್ಟೇ. ಎರಡು ದಿನ ನೆರಳಲ್ಲಿ ಒಣಗಲಿಕ್ಕೆ ಬಿಟ್ಟು 80 ನಂಬರಿನ ಉಪ್ಪು ಕಾಗದ, ಆಮೇಲೆ 120, ಎಳೆಯ ಉದ್ದಕ್ಕೆ ತಿಕ್ಕಿದ್ರೆ ಅಡಿಯಲ್ಲಿ ಹೊನ್ನಿನ ಬಣ್ಣದ ಹೆಬ್ಬಲಸು ಕಾಣ್ತದೆ. ಅಡ್ಡಕ್ಕೆ ತಿಕ್ಕಬೇಡಿ, ಗೀರು ಉಳೀತದೆ. ಈ ಬೂದು ನಾರಿನ ಮೇಲೇ ಬಣ್ಣ ಹೊಡೆದ್ರೆ ಬಣ್ಣ ಹಿಡಿದಿರೋದು ಸಡಿಲ ನಾರನ್ನ, ಮರವನ್ನ ಅಲ್ಲ. ಮುಂದಿನ ವರ್ಷ ಹಪ್ಪಳದ ಹಾಗೆ ಏಳ್ತದೆ, ಆಗ ಕಂಪನಿ ಬಣ್ಣ ಸರಿ ಇಲ್ಲ ಅಂತ ಬೈಯ್ಯೋದು.

ಕಾಲಿನ ಕೆಲಸಕ್ಕೆ ಆಚಾರ್ರು ಬೇಕು. ಕೊಳೆತ ಎರಡಿಂಚನ್ನ ನಾಲ್ಕು ಕಾಲಿಂದಲೂ ಸಮವಾಗಿ ಗರಗಸದಲ್ಲಿ ತೆಗೆದುಬಿಡೋದು. ಬೆಂಚು ಕುಳ್ಳಾಗ್ತದೆ ಅಂತ ಈಗಲೇ ಯಾರೋ ಅಂದ್ರು. ಅಡಿಗೆ ಎರಡಿಂಚಿನ ಕಲ್ಲು ಕೊಟ್ರೆ ಎತ್ತರ ಮೊದಲಿನಷ್ಟೇ ಆಯ್ತು, ಕಾಲೂ ನೀರಿಂದ ಮೇಲೆ ಬಂತು. ಹಿಂದಿನ ಎರಡು ಕಲ್ಲು ಎರಡು ನೂಲು ತಗ್ಗಿರಲಿ. ಕೂತೋರಿಗೆ ಗೊತ್ತಾಗೋದಿಲ್ಲ, ನೀರಿಗೆ ಗೊತ್ತಾಗ್ತದೆ. ಕಬ್ಬಿಣದ ಮೊಳೆ ಎಲ್ಲ ಕೀಳಿಸಿ. ಒದ್ದೆ ಮರದಲ್ಲಿ ಕಬ್ಬಿಣ ತುಕ್ಕು ಹಿಡಿದು ಸುತ್ತ ಕಪ್ಪು ಮಾಡ್ತದೆ, ತೂತು ದೊಡ್ಡದಾಗಿ ಮೊಳೆ ಸಡಿಲ ಆಗ್ತದೆ, ಆ ತೂತಿಗೆ ಮತ್ತೆ ನೀರು. ಅಲ್ಲಿ ಹಿತ್ತಾಳೆ ಅಥವಾ ಸ್ಟೀಲ್ ಸ್ಕ್ರೂ. ಬಿರುಕಿಗೆ ಗೋಡೆ ಪುಟ್ಟಿ ಮೆತ್ತೋ ಒಂದು ಹುಚ್ಚು ಎಲ್ಲ ಕಡೆ ಇದೆ. ಪುಟ್ಟಿ ಮರದ ಜೊತೆ ಉಬ್ಬೋದಿಲ್ಲ ಕುಗ್ಗೋದಿಲ್ಲ, ಒಂದು ಮಳೆಗಾಲಕ್ಕೆ ಬಿಟ್ಟುಕೊಂಡು ನೀರು ಹಿಡಿಯೋ ಬಟ್ಟಲಾಗ್ತದೆ. ಸಣ್ಣ ಬಿರುಕು ಹಾಗೇ ಬಿಡಿ. ದೊಡ್ಡದಕ್ಕೆ ಅದೇ ಜಾತಿ ಮರದ ಚಕ್ಕೆ, ನೀರಿಗೆ ಜಗ್ಗದ ಗೋಂದು.

ಇನ್ನು ಮೇಲೆ ಎಂತ ಬಳಿಯೋದು ಅನ್ನೋದು. ಇದರಲ್ಲಿ ನಾಲ್ಕು ಜನಕ್ಕೆ ನಾಲ್ಕು ಮತ, ನನ್ನದು ಹೇಳ್ತೀನಿ. ವಾರ್ನಿಷ್ ಬೇಡ. ನೋಡೋಕೆ ಅದರಷ್ಟು ಚಂದ ಯಾವುದೂ ಇಲ್ಲ, ಮದುವೆ ಮನೆಯ ಮಂಚದ ಹಾಗೆ ಹೊಳೀತದೆ. ಆದ್ರೆ ಪಾರದರ್ಶಕ ಅಲ್ವಾ, ಬಿಸಿಲು ಅದನ್ನ ದಾಟಿ ಮರಕ್ಕೇ ಹೊಡೀತದೆ, ಕೆಳಗಿನ ನಾರು ಸಡಿಲಾಗಿ ವಾರ್ನಿಷ್ ಹಾವಿನ ಪೊರೆಯ ಹಾಗೆ ಬಿಡ್ತದೆ. ಬಿಸಿಲು ತಡೆಯೋದು ಬಣ್ಣದಲ್ಲಿರೋ ಪುಡಿ. ಅದಕ್ಕೇ ಹೊರಗಿನ ಮರಕ್ಕೆ ವಾರ್ನಿಷಿಗಿಂತ ಬಣ್ಣ ಬಾಳಿಕೆ ಜಾಸ್ತಿ. ಟ್ರ್ಯಾಕ್ಟರಿನ ವೇಸ್ಟ್ ಆಯಿಲ್ ಬಳಿಯೋ ಪದ್ಧತಿ ಬೇಲಿ ಕಂಬಕ್ಕೆ ಇದೆ. ಅದು ಒಣಗೋದೇ ಇಲ್ಲ, ಕೂತೋರ ಪಂಚೆ ಹೋಯ್ತು, ಮಳೆಗೆ ಇಳಿದು ಬಾವಿ ಹೊಂಡಕ್ಕೂ ಸೇರ್ತದೆ.

ಕೂರೋ ಹಲಗೆಗೆ ಬರೀ ಅಗಸೆ ಎಣ್ಣೆ. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್ಸೀಡ್ ಆಯಿಲ್ ಅಂತ ಕೇಳಿ. ಕೊಬ್ಬರಿ ಎಣ್ಣೆ, ಕಡಲೆ ಎಣ್ಣೆ ಆಗೋದಿಲ್ಲ, ಅವು ಜನ್ಮಕ್ಕೆ ಗಟ್ಟಿಯಾಗಲ್ಲ. ಅಗಸೆ ಎಣ್ಣೆ ಗಾಳಿ ಕುಡಿದು ಮರದ ಒಳಗೇ ಗಟ್ಟಿಯಾಗ್ತದೆ. ಮೊದಲ ಸಲಕ್ಕೆ ಎಣ್ಣೆಯಷ್ಟೇ ಟರ್ಪೆಂಟೈನ್ ಸೇರಿಸಿ ತೆಳು ಮಾಡಿ, ಬಳಿದು ಇಪ್ಪತ್ತು ನಿಮಿಷ ಬಿಟ್ಟು, ಮೇಲೆ ಉಳಿದದ್ದನ್ನ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಈ ಒರೆಸೋದನ್ನ ಬಿಟ್ರೆ ಕೆಲಸ ಹಾಳು, ಅಂಟು ಉಳಿದು ಮಳೆಗಾಲದಲ್ಲಿ ಕಪ್ಪು ಬೂಷ್ಟು ಕಟ್ತದೆ. ಎರಡು ದಿನ ಬಿಟ್ಟು ಮತ್ತೊಂದು, ಮತ್ತೆ ಎರಡು ದಿನ ಬಿಟ್ಟು ಮೂರನೇದು. ವರ್ಷ ವರ್ಷ ಬೋರ್ಡೋ ತಯಾರಿ ಹೊತ್ತಿಗೆ ಒಂದು ಕೈ ಎಣ್ಣೆ ಕೊಟ್ರೆ ಆಯ್ತು, ಕೆರೆಯೋ ಪ್ರಮೇಯ ಬರೋದೇ ಇಲ್ಲ. ಬಣ್ಣ ಹೋದ್ರೆ ಒಡೆದು ಹೋಗ್ತದೆ, ಎಣ್ಣೆ ಹೋದ್ರೆ ಸವೆದು ಹೋಗ್ತದೆ. ಸವೆದದ್ದಕ್ಕೆ ಮತ್ತೆ ಬಳಿಯೋದು ಸುಲಭ.

ಕಾಲಿನ ಬುಡಕ್ಕೆ ಮಾತ್ರ ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ಬರೋ ಕಪ್ಪು ಎಣ್ಣೆ, ಘಟ್ಟದ ಕೆಳಗೆ ಪಕಾಸು ರೀಪಿಗೆ, ದೋಣಿಗೆ ಬಳೀತಾರೆ. ಒರಲೆ ಹತ್ತಿರ ಸುಳಿಯಲ್ಲ. ಗರಗಸ ಹಾಕಿದ ಹೊಸ ಬುಡವನ್ನ ಅಡಿಕೆ ಹಾಳೆ ಬಟ್ಟಲಲ್ಲಿ ಒಂದಿಂಚು ಗೇರೆಣ್ಣೆ ಹಾಕಿ ಒಂದು ರಾತ್ರಿ ನಿಲ್ಲಿಸಿದ್ರೆ, ನೀರು ಏರೋ ಅದೇ ನಾಳಕ್ಕೆ ಎಣ್ಣೆ ಏರಿ ಬಾಯಿ ಮುಚ್ಚಿಕೊಳ್ತದೆ. ಕೈಗೆ ಗ್ಲೌಸ್ ಹಾಕಿ, ಮೈಗೆ ತಾಗಿದ್ರೆ ಸುಟ್ಟ ಹಾಗೆ ಬೊಬ್ಬೆ ಬರ್ತದೆ. ಕೂರೋ ಹಲಗೆಗೆ ಇದನ್ನ ಯಾವ ಕಾರಣಕ್ಕೂ ಬಳಿಯಬೇಡಿ.

ಕಾಲಿನ ಮೇಲಿನ ಭಾಗ, ಒರಗೋ ಪಟ್ಟಿ, ಅಡ್ಡ ಪಟ್ಟಿ, ಇವಕ್ಕೆ ಬಣ್ಣ ಹೊಡೀರಿ. ಕೆಂಪು ಹಳದಿಯೇ ಹೊಡೀರಿ, ತಂದ ಡಬ್ಬ ದಂಡ ಆಗೋದು ಬೇಡ. ಕೂತೋರ ಬೆನ್ನಿಗೆ ಬಾವುಟ ಕಂಡ್ರೆ ನನಗೂ ಖುಷಿಯೇ. ಮೊದಲು ಮರದ ಪ್ರೈಮರ್ ಒಂದು ಕೋಟು, ಉಪ್ಪು ಕಾಗದ ಒಂದು ಕೈ, ಆಮೇಲೆ ಎನಾಮಲ್ ತೆಳುವಾಗಿ ಎರಡು ಕೋಟು, ಮಧ್ಯೆ ಪೂರ್ತಿ ಒಂದು ದಿನ. ಕೆಂಪಗಿದೆ ಅಂತ ರೆಡ್ ಆಕ್ಸೈಡ್ ತರೋರಿದ್ದಾರೆ, ಅದು ಗೇಟಿಗೆ, ಕಬ್ಬಿಣಕ್ಕೆ. ದಪ್ಪ ಒಂದು ಕೋಟಿಗಿಂತ ತೆಳು ಎರಡು ಕೋಟು ಯಾವತ್ತೂ ಮೇಲು. ಈ ವರ್ಷ ರಾಜ್ಯೋತ್ಸವಕ್ಕೆ ಬೆಂಚು ಕಾಣದಿದ್ರೆ ಏನೂ ಕಳೆದುಹೋಗಲ್ಲ, ಮುಂದಿನ ವರ್ಷದ್ದಕ್ಕೆ ಇದ್ದೇ ಇರ್ತದೆ.

ಖರ್ಚು ಕೇಳ್ತೀರಿ ಅಂತ ಗೊತ್ತು. ಕಳೆದ ಮಾರ್ಚಲ್ಲಿ ನಮ್ಮ ಮನೆ ಜಗಲಿ ಮುಂದಿನ ಬೆಂಚಿಗೆ ಕಾಗದ ಬ್ಲೇಡು 140, ಅಗಸೆ ಎಣ್ಣೆ 380, ಟರ್ಪೆಂಟೈನ್ 160, ಸ್ಕ್ರೂ 120, ಆಚಾರ್ರ ಒಂದು ದಿನದ ಕೂಲಿ 1,000. ಒಟ್ಟು 1,800 ಆಯ್ತು. ಡೈರಿದು ಇದರ ದುಪ್ಪಟ್ಟು ಅಂತ ಹಿಡಿದ್ರೂ ಸಿಮೆಂಟ್ ಬೆಂಚಿನ 9,000ದ ಅರ್ಧ ಆಗೋದಿಲ್ಲ. ಕೆರೆಯೋಕೆ ನಾವೇ ನಾಲ್ಕು ಜನ ಸೇರಿದ್ರೆ ಒಂದೂವರೆ ದಿನ.

ಆ 6,000 ಕೊಡ್ತೀನಿ ಅಂದೋರ ಮೇಲೆ ನನಗೆ ಸಿಟ್ಟಿಲ್ಲ, ಅವರ ವ್ಯಾಪಾರ ಅವರದ್ದು. ಆದ್ರೆ ಅವರು ತಗೊಂಡು ಹೋಗಿ ಎಂತ ಮಾಡ್ತಾರೆ ಅಂತ ಯೋಚನೆ ಮಾಡಿದ್ದೀರಾ? ಬಣ್ಣ ಕೆರೀತಾರೆ, ಒಣಗಿಸ್ತಾರೆ, ಕೊಳೆತ ಕಾಲು ಕೊಯ್ತಾರೆ, ಎಣ್ಣೆ ತಿಕ್ತಾರೆ. ಮೇಲೆ ನಾನು ಬರೆದ ಕೆಲಸವೇ. ಆಮೇಲೆ ಅದು ಪೇಟೆಯ ಯಾರದೋ ಊಟದ ಮೇಜು, ಇಲ್ಲ ಯಾವುದೋ ಹೋಂಸ್ಟೇ ವರಾಂಡದ ಶೋಭೆ. ನಾವು ಮಾಡೋಕೆ ಸೋಮಾರಿತನ ಪಟ್ಟ ಎರಡು ದಿನದ ಕೆಲಸದ ಬೆಲೆ ಅದು, ಮರ ಪುಕ್ಕಟೆ. ಅಂಥ ಹಲಗೆ ಬೇಕು ಅಂತ ನಾಳೆ ನಾವು ಸಾಮಿಲ್ಲಿಗೆ ಹೋದ್ರೆ ಸಿಗೋದಿಲ್ಲ. 16 ಇಂಚು ಅಗಲದ ಚೇಗು ಕೂಡಬೇಕಾದ್ರೆ ಒಂದು ತಲೆಮಾರು ಬೇಕು. ನಮ್ಮ ಜಮೀನಿನ ಮರ ಕಡಿಯೋದಕ್ಕೂ 1976ರ ಮರ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೆಲವು ಜಾತಿ ಬಿಟ್ರೆ ಅರಣ್ಯ ಇಲಾಖೆ ಅನುಮತಿ ಬೇಕು. ಬೇಕು ಅಂದಾಗ ಕಡಿದು ಹಲಗೆ ಕೊಯ್ಯೋ ಕಾಲ ಅಲ್ಲ ಇದು. ಕೈಯಲ್ಲಿರೋದನ್ನ ಕೊಟ್ರೆ ಹೋಯ್ತು.

ಸಿಮೆಂಟ್ ಬೆಂಚಿನ ಮೇಲೆ ಏಪ್ರಿಲ್ ತಿಂಗಳ ಸಂಜೆ ಹಾಲು ಹಾಕೋ ಹೊತ್ತಿಗೆ ಕೂತು ನೋಡಿ, ಬಾಣಲೆ. ಪುಷ್ಯ ಮಳೆಯಲ್ಲಿ ಬೆಳಿಗ್ಗೆ ಕೂತು ನೋಡಿ, ಸೊಂಟ ಹಿಡೀತದೆ. ಡೈರಿಗೆ ಮೊದಲು ಬಂದು ಕೂರೋದು ಮಂಡಿ ನೋವಿನ ನಮ್ಮ ಅಜ್ಜ ಅಜ್ಜಿಯರು, ಅವರನ್ನ ಕೇಳದೆ ಈ ಮೀಟಿಂಗ್ ಮಾಡ್ತಾ ಇದ್ದೀವಿ ಅನ್ನೋದೂ ಒಂದು ಮಾತು.

ಎಲ್ಲ ಮರಕ್ಕೂ ಇಷ್ಟು ಪಾಡು ಪಡಿ ಅಂತ ನಾನು ಹೇಳ್ತಾ ಇಲ್ಲ. ಸಿಲ್ವರ್ ಓಕಿನದು, ಮಾವಿನ ಹಲಗೆದು, ಹೊರಗಿನ ಬಿಳಿ ಭಾಗವೇ ಜಾಸ್ತಿ ಇರೋ ಅಗ್ಗದ ಬೆಂಚು ಇದ್ರೆ ಅದನ್ನ ಒಳಗಿಡಿ, ಕುಟ್ಟೆ ಹಿಡಿದು ಹೋದ ದಿನ ಒಲೆಗೆ ಹಾಕಿ. ಹೊರಗಿಟ್ಟು ಬಣ್ಣದ ಮೇಲೆ ಬಣ್ಣ ಸುರಿದ್ರೂ ಅದು ಉಳಿಯೋದಲ್ಲ. ಬೀಟೆ, ಸಾಗುವಾನಿ, ಹೊನ್ನೆ, ಹೆಬ್ಬಲಸು, ಚೇಗಿನ ಹಲಸು ಇದ್ರೆ ಮಾತ್ರ ಈ ಶ್ರಮ. ಅಡಿಗೆ ಬಗ್ಗಿ ನೋಡಿ ಯಾವುದು ಅಂತ ಗೊತ್ತಾಗದಿದ್ರೆ ಆಚಾರ್ರಿಗೆ ತೋರಿಸಿ, ಮಾರೋಕೆ ಮೊದಲು.

ಒಂದು ಎಚ್ಚರಿಕೆ, ಇದನ್ನ ಓದಿ ನಾಳೆನೇ ಯಾರಾದ್ರೂ ಮನೆ ಕುರ್ಚಿಗೆ ಎಣ್ಣೆ ತಿಕ್ಕೋಕೆ ಹೊರಟ್ರೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನ ಉಂಡೆ ಕಟ್ಟಿ ಮೂಲೆಗೆ ಎಸೀಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ತದೆ, ಉಂಡೆಯೊಳಗೆ ಬಿಸಿ ಕೂಡಿ ಯಾರೂ ಕಡ್ಡಿ ಗೀರದೆ ತಾನಾಗಿ ಹೊತ್ತಿಕೊಳ್ತದೆ. ಅಡಿಕೆ ಸಿಪ್ಪೆ, ಒಣ ಹುಲ್ಲು ಇರೋ ಕೊಟ್ಟಿಗೆ ಅಟ್ಟ ನಮ್ಮದು. ಬಟ್ಟೆಯನ್ನ ನೀರಿನ ಬಕೆಟಿಗೆ ಹಾಕಿ, ಇಲ್ಲ ಅಂಗಳದಲ್ಲಿ ಕಲ್ಲಿನ ಮೇಲೆ ಒಂದೊಂದಾಗಿ ಹರಡಿ, ಪೂರ್ತಿ ಗಡಸಾದ ಮೇಲೆ ಎಸೀರಿ.